‘ನಮ್ಮದೇನಿಲ್ಲ, ನೀವು ಹೋಗಿ ಬನ್ನಿ’: ಟೋಕಿಯೊ ಡಿಸ್ನಿಸೀಗೆ 17 ಜನ ಒಟ್ಟಾಗಿ ಹೋದ ಒಂದು ಪ್ರಕರಣ

ಹಿನ್ನೆಲೆ

ಟೋಕಿಯೊದ ಎದೊಗಾವಾ ವಾರ್ಡಿಗೆ ಸೇರಿದ ನಿಶಿ-ಕಸಾಯ್‌ನಲ್ಲಿ 2000ನೇ ಇಸವಿಯ ಆಸುಪಾಸಿನಿಂದ ಭಾರತೀಯ ಸಾಫ್ಟ್‌ವೇರ್ ಎಂಜಿನಿಯರುಗಳು ನೆಲೆಸುತ್ತ ಬಂದಿದ್ದು, ಅವರಲ್ಲಿ ಕನ್ನಡದ ಮನೆಗಳೂ ಇವೆ. ಅಲ್ಲಿಂದ ಹಳೆಯ ಎದೊ ನದಿಯನ್ನು ದಾಟಿದರೆ ಚಿಬಾ ಪ್ರಾಂತ್ಯದ ಉರಯಾಸು ಸಿಗುತ್ತದೆ. ಸಮುದ್ರವನ್ನು ತುಂಬಿ ಮಾಡಿದ ಅಲ್ಲಿನ ಮೈಹಾಮಾ ಎಂಬ ನೆಲದ ಮೇಲೆ 1983ರ ಏಪ್ರಿಲ್ 15ರಂದು ಟೋಕಿಯೊ ಡಿಸ್ನಿಲ್ಯಾಂಡ್ ಆರಂಭವಾಯಿತು. 2001ರ ಸೆಪ್ಟೆಂಬರ್ 4ರಂದು ಅದರ ಪಕ್ಕದಲ್ಲೇ ಡಿಸ್ನಿಸೀ ಎಂಬ ಇನ್ನೊಂದು ಮನರಂಜನಾ ಉದ್ಯಾನ ತೆರೆಯಿತು. ನಿಶಿ-ಕಸಾಯ್‌ನವರಿಗೆ ಇವೆರಡೂ ಎಷ್ಟು ಹತ್ತಿರವೆಂದರೆ, ಮೈಸೂರಿನವರು ಮನೆಗೆ ಬಂದ ನೆಂಟರನ್ನು ಚಾಮುಂಡಿಬೆಟ್ಟಕ್ಕೆ ಕರೆದೊಯ್ಯುವಂತೆ ಇಲ್ಲಿನವರು ಊರಿನಿಂದ ಬಂದ ಅಪ್ಪ-ಅಮ್ಮಂದಿರನ್ನು ಅಲ್ಲಿಗೆ ಕರೆದೊಯ್ಯುತ್ತಾರೆ.

ಈ ಪ್ರಕರಣದಲ್ಲಿರುವುದು ನಾಲ್ಕು ಕುಟುಂಬಗಳು, ಒಟ್ಟು 17 ಜನ. ಇಲ್ಲೇ ಕೆಲಸದಲ್ಲಿರುವ ಎಂಟು ಮಂದಿ ದೊಡ್ಡವರು; 3, 5, 8, 11 ಮತ್ತು 13 ವರ್ಷದ ಐದು ಮಕ್ಕಳು; ದಸರಾ ಹೊತ್ತಿಗೆ ಊರಿನಿಂದ ಬಂದಿದ್ದ, 62ರಿಂದ 74 ವರ್ಷದೊಳಗಿನ ನಾಲ್ವರು ಹಿರಿಯರು. ಹಿರಿಯರಲ್ಲಿ ಒಂದು ದಂಪತಿ ಗುಂಪಿನ ಸಂಯೋಜಕಿಯ ಅತ್ತೆ-ಮಾವ. ಉಳಿದವರಲ್ಲಿ ಒಬ್ಬರು ಎರಡನೆಯ ಮನೆಯ ತಾಯಿ, ಇನ್ನೊಬ್ಬರು ಮೂರನೆಯ ಮನೆಯ ತಂದೆ. ನಾಲ್ಕನೆಯ ಮನೆ ನನ್ನದು. ಯಾರ ಗುರುತೂ ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಡೆದದ್ದರ ಕ್ರಮವನ್ನು ಬದಲಿಸಿಲ್ಲ. ಮುಂದೆ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇರುವುದರಿಂದ ಇದನ್ನು ಹೊರಗಿನವರ ವರದಿಯೆಂದು ಓದಬಾರದು.

ಆರಿಸಿಕೊಂಡ ದಿನ ಅಕ್ಟೋಬರ್‌ನ ಎರಡನೆಯ ಸೋಮವಾರದ ಕ್ರೀಡಾ ದಿನದ ರಜೆಗೆ ಅಂಟಿಕೊಂಡ ಭಾನುವಾರ. ಎಲ್ಲರಿಗೂ ಒಟ್ಟಿಗೆ ಬಿಡುವಿದ್ದ ದಿನ ಅದೊಂದೇ ಆಗಿತ್ತು. ಜಪಾನಿನ ಅರ್ಧದಷ್ಟು ಕುಟುಂಬಗಳಿಗೂ ಅಂದೇ ಬಿಡುವು ಎಂಬುದು ನಮ್ಮ ಲೆಕ್ಕಕ್ಕೆ ಬಂದಿರಲಿಲ್ಲ. ಅಲ್ಲಿ ಟಿಕೆಟಿನ ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ನಾವು ಹೋದ ದಿನದ ದರ ದೊಡ್ಡವರಿಗೆ 10,900 ಯೆನ್, 12ರಿಂದ 17 ವರ್ಷದವರಿಗೆ 9,000, 4ರಿಂದ 11 ವರ್ಷದ ಮಕ್ಕಳಿಗೆ 5,600. ಅದಕ್ಕಿಂತ ಚಿಕ್ಕವರಿಗೆ ಟಿಕೆಟ್ ಬೇಡ. ಎಲ್ಲ ಕೂಡಿಸಿದರೆ 1,56,600 ಯೆನ್ ಆಯಿತು. ಈ ಮೊತ್ತವನ್ನು ಇಲ್ಲಿ ಹೇಳಲು ಕಾರಣವಿದೆ: ಇಷ್ಟು ಹಣ ಕೊಟ್ಟ ಮೇಲೆ ಯಾರೂ ಏನನ್ನೂ ತಪ್ಪಿಸಿಕೊಳ್ಳಬಾರದು, ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕು ಎಂಬ ಹಟ ಅಲ್ಲಿಂದಲೇ ಹುಟ್ಟಿತು.

ಯೋಜನೆಯ ಒಳಗಿದ್ದ ತೊಡಕು

ಸಂಯೋಜಕಿ ಬಹಳ ಅಚ್ಚುಕಟ್ಟಿನವರು. ಡಿಸ್ನಿಸೀಯಲ್ಲಿ ಬಹುಪಾಲು ಕೆಲಸ ಮೊಬೈಲ್ ಆ್ಯಪ್‌ನಲ್ಲೇ ನಡೆಯುತ್ತದೆ. ಒಳಗೆ ಕಾಲಿಟ್ಟ ಮೇಲೆ ಕೆಲವು ಸವಾರಿಗಳಿಗೆ, ಉದ್ದನೆಯ ಸಾಲಿನಲ್ಲಿ ಕಾಯುವುದನ್ನು ತಪ್ಪಿಸುವ ಉಚಿತ ಪಾಸುಗಳನ್ನು ಪಡೆಯಬಹುದು, ಆದರೆ ಒಂದನ್ನು ತೆಗೆದುಕೊಂಡರೆ ನಿಗದಿತ ಸಮಯ ಕಳೆಯುವವರೆಗೆ ಇನ್ನೊಂದು ಸಿಗದು. ಬೇರೆ ಕೆಲವಕ್ಕೆ 2022ರಲ್ಲಿ ಜಾರಿಗೆ ಬಂದ ‘ಪ್ರೀಮಿಯರ್ ಆ್ಯಕ್ಸೆಸ್’ ಎಂಬ ಹಣ ಕೊಟ್ಟು ಪಡೆಯುವ ಪಾಸು ಇದ್ದು, ಒಂದು ಸವಾರಿಗೆ ತಲಾ 1,500ರಿಂದ 2,000 ಯೆನ್ ಆಸುಪಾಸು ಆಗುತ್ತದೆ. ಟಿಕೆಟುಗಳೆಲ್ಲ ಒಂದೇ ಫೋನಿನಲ್ಲಿದ್ದರೆ ಎಲ್ಲರಿಗೂ ಒಂದೇ ಸಮಯದ ಪಾಸು ತೆಗೆಯುವುದು ಸುಲಭ. ಆದ್ದರಿಂದ ಅವರು ಹದಿನಾರೂ ಟಿಕೆಟುಗಳನ್ನು ತಮ್ಮ ಫೋನಿನಲ್ಲೇ ಇಟ್ಟುಕೊಂಡರು. ನಾವು ಅದನ್ನು ಒಪ್ಪಿದ್ದಷ್ಟೇ ಅಲ್ಲ, ನಮಗೊಂದು ತಲೆನೋವು ತಪ್ಪಿತೆಂದು ಹಿಗ್ಗಿದೆವು.

ಹಿರಿಯರನ್ನು ಯೋಜನೆಯ ಬಗ್ಗೆ ಕೇಳಿದ್ದೂ ಉಂಟು. ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ, ‘ನಿಮಗೆ ಏನಾದರೂ ವಿಶೇಷವಾಗಿ ನೋಡಬೇಕು ಅಂತ ಇದೆಯಾ?’ ಎಂದು ಸಂಯೋಜಕಿ ತಮ್ಮ ಮಾವನನ್ನು ಕೇಳಿದರು. ‘ನಮ್ಮದೇನಿಲ್ಲಮ್ಮ, ಮಕ್ಕಳು ಸಂತೋಷವಾಗಿದ್ದರೆ ಸಾಕು’ ಎಂಬ ಉತ್ತರ ಬಂತು. ಉಳಿದ ಮೂವರದ್ದೂ ಹೆಚ್ಚು ಕಡಿಮೆ ಅದೇ ಮಾತು. ಯೋಜನೆಯ ಹಾಳೆಯಲ್ಲಿ ಅವರ ಹೆಸರಿನ ಮುಂದಿನ ಚೌಕಗಳು ಖಾಲಿ ಉಳಿದವು.

ಆ ದಿನ ನಡೆದದ್ದು

ಕಸಾಯ್ ನಿಲ್ದಾಣದಿಂದ ಮೈಹಾಮಾಗೆ ಹೋಗುವ ‘ಶಟಲ್ ಸೆವೆನ್’ ಬಸ್ಸಿನಲ್ಲಿ 17 ಜನಕ್ಕೂ ಮಗುವಿನ ತಳ್ಳುಗಾಡಿಗೂ ಒಮ್ಮೆಲೇ ಜಾಗವಾಗದೆ ಎರಡು ಬಸ್ಸುಗಳಲ್ಲಿ ಹೋದೆವು. ಬಾಗಿಲ ಬಳಿ ಚೀಲಗಳ ತಪಾಸಣೆ ಇತ್ತು. ಹೊರಗಿನ ತಿಂಡಿಯನ್ನು ಒಳಗೆ ಒಯ್ಯುವಂತಿಲ್ಲ ಎಂಬ ನಿಯಮ ನಮಗೆ ಗೊತ್ತಿದ್ದರೂ, ‘ಯಾರು ನೋಡ್ತಾರೆ’ ಎಂಬ ಧೈರ್ಯದಲ್ಲಿ ಪುಳಿಯೋಗರೆ, ಚಪಾತಿ, ಚಟ್ನಿಪುಡಿಗಳ ಎರಡು ದೊಡ್ಡ ಚೀಲಗಳನ್ನು ತಂದಿದ್ದೆವು. ತಪಾಸಣೆಯಲ್ಲಿದ್ದ ಹುಡುಗಿ ತಲೆ ಬಾಗಿಸಿ, ಹೊರಗಡೆ ಕುಳಿತು ಉಣ್ಣಲು ಪ್ರತ್ಯೇಕ ಜಾಗವಿದೆಯೆಂದು ಕೈ ತೋರಿಸಿದಳು. ಚೀಲಗಳನ್ನು ಹೊರಗಿನ ಲಾಕರಿನಲ್ಲಿಟ್ಟು, ಮಧ್ಯಾಹ್ನ ಹೊರಗೆ ಬಂದು ಉಣ್ಣೋಣ, ಕೈಗೆ ಮುದ್ರೆ ಹಾಕಿಸಿಕೊಂಡರೆ ಮತ್ತೆ ಒಳಗೆ ಬಿಡುತ್ತಾರೆ ಎಂದು ತೀರ್ಮಾನಿಸಿದೆವು. ತೀರ್ಮಾನ ಸರಿಯಾಗಿಯೇ ಇತ್ತು. ಮರಳಿ ಒಳಗೆ ಬರಲು ಮುದ್ರೆಯ ಜೊತೆಗೆ ಟಿಕೆಟೂ ಬೇಕೆಂಬುದು ಮಾತ್ರ ಆಗ ಯಾರ ತಲೆಗೂ ಹೊಳೆಯಲಿಲ್ಲ.

ಒಳಗೆ ಸೇರುವಷ್ಟರಲ್ಲಿ ಹತ್ತು ಗಂಟೆ ದಾಟಿತ್ತು. ಬೇಕಾದ ಪಾಸುಗಳ ಸಮಯ ಆಗಲೇ ಸಂಜೆಗೆ ಜಾರಿತ್ತು. ಮೊದಲಿಗೆ ಎಲ್ಲರೂ ‘ಸೋರಿಂಗ್’ಗೆ ಹೋಗುವುದೆಂದಾಯಿತು. 2019ರಲ್ಲಿ ಬಂದ ಈ ಸವಾರಿಯಲ್ಲಿ ಬೃಹತ್ ಪರದೆಯ ಮುಂದೆ ಕಾಲು ಇಳಿಬಿಟ್ಟು ಕುಳಿತು ಪ್ರಪಂಚದ ಮೇಲೆ ಹಾರಿದಂತೆ ಅನುಭವಿಸಬಹುದು. ಕಾಯುವ ಸಮಯ ಎರಡೂವರೆ ಗಂಟೆ ಎಂದು ಫಲಕ ಹೇಳುತ್ತಿತ್ತು. 102 ಸೆಂಟಿಮೀಟರ್ ಎತ್ತರವಿಲ್ಲದ ಮಕ್ಕಳನ್ನು ಬಿಡುವುದಿಲ್ಲವಾದ್ದರಿಂದ ಇಬ್ಬರು ಚಿಕ್ಕವರೂ ಅವರ ತಾಯಂದಿರೂ ಹೊರಗುಳಿದರು. ಹಿರಿಯರು, ‘ನಮ್ಮದೇನಿಲ್ಲ, ನೀವು ಹೋಗಿ ಬನ್ನಿ, ಬ್ಯಾಗು ನೋಡಿಕೊಂಡಿರ್ತೀವಿ’ ಎಂದು ಮೆಡಿಟರೇನಿಯನ್ ಹಾರ್ಬರ್‌ನ ಕೃತಕ ಬಂದರಿನ ದಂಡೆಯ ಬೆಂಚುಗಳ ಮೇಲೆ ಕುಳಿತರು. ಬ್ಯಾಗುಗಳನ್ನು ಅವರ ಕಾಲ ಬಳಿ ಸಾಲಾಗಿ ಜೋಡಿಸಿದವರಲ್ಲಿ ನಾನೂ ಒಬ್ಬ. ಒಟ್ಟಿಗೇ ಇರಬೇಕೆಂದು ಹೊರಟ ಗುಂಪು ಮೊದಲ ಸವಾರಿಯಲ್ಲೇ ಮೂರು ಪಾಲಾಗಿತ್ತು, ಆದರೆ ಆಗಿಲ್ಲವೆಂಬಂತೆಯೇ ನಾವು ನಡೆದುಕೊಳ್ಳುತ್ತಿದ್ದೆವು.

ಉಳಿದ ಒಂಬತ್ತು ಮಂದಿಯಲ್ಲಿ ಐದು ಜನ ಸಾಲಿನಲ್ಲಿ ನಿಂತೆವು. ನಾಲ್ವರು ಪಾಪ್‌ಕಾರ್ನ್ ತರಲು ಹೋಗಿ, ಸಾಲು ಮುಂದೆ ಸರಿದ ಮೇಲೆ ಬಂದು ಕೂಡಿಕೊಳ್ಳುವುದೆಂದು ಮಾತಾಯಿತು. ನಮ್ಮೂರಿನ ರೇಷನ್ ಅಂಗಡಿಯ ಸಾಲಿನಲ್ಲಿ ಚೀಲವಿಟ್ಟು ಹೋಗುವುದು ತಪ್ಪಲ್ಲ. ಇಲ್ಲಿ ಗುಂಪಿನವರೆಲ್ಲ ಒಟ್ಟಿಗೇ ಸಾಲಿಗೆ ಸೇರಬೇಕು, ಒಬ್ಬರು ಇತರರ ಜಾಗ ಹಿಡಿಯುವಂತಿಲ್ಲ. ಸುಮಾರು 70 ನಿಮಿಷಗಳ ನಂತರ ನಾಲ್ವರು ‘ಸುಮಿಮಾಸೆನ್’ (ಕ್ಷಮಿಸಿ) ಎನ್ನುತ್ತ ಜನರನ್ನು ದಾಟಿ ಬರತೊಡಗಿದಾಗ ಸಿಬ್ಬಂದಿಯೊಬ್ಬರು ಬಹಳ ನಯವಾಗಿ ತಡೆದರು. ಹಿಂದಿದ್ದವರು ಒಂದು ಮಾತೂ ಆಡಲಿಲ್ಲ, ಬೇರೆ ಕಡೆ ನೋಡುತ್ತ ನಿಂತರು. ಜೋರಾಗಿ ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಆಗ ಎರಡು ದಾರಿಗಳಿದ್ದವು: ಐವರು ಮುಂದುವರಿಯಬಹುದಿತ್ತು, ಅಥವಾ ಎಲ್ಲರೂ ಹೊರಗೆ ಬರಬಹುದಿತ್ತು. ನಾವು ಹೊರಗೆ ಬಂದೆವು. ‘ಹೋದರೆ ಎಲ್ಲರೂ ಹೋಗೋಣ’ ಎಂಬ ಮಾತು ಕೇಳಲು ಚೆನ್ನಾಗಿತ್ತು. ಅದರಿಂದ 70 ನಿಮಿಷ ನೀರಿಗೆ ಹೋಯಿತು, ಯಾರಿಗೂ ಏನೂ ದಕ್ಕಲಿಲ್ಲ.

ಅಷ್ಟರಲ್ಲಿ ಹನ್ನೆರಡೂವರೆ ಆಗಿತ್ತು. ಮೂರನೆಯ ಮನೆಯ ತಂದೆಗೆ ಸಕ್ಕರೆ ಕಾಯಿಲೆ. ಒಂದು ಗಂಟೆಯೊಳಗೆ ಉಣ್ಣಬೇಕು. ಊಟ ಹೊರಗಿನ ಲಾಕರಿನಲ್ಲಿತ್ತು. ಸಂಯೋಜಕಿ ದೊಡ್ಡ ಮಕ್ಕಳನ್ನು ಕರೆದುಕೊಂಡು ‘ಟವರ್ ಆಫ್ ಟೆರರ್’ನ ಸಾಲಿಗೆ ಸೇರಿದ್ದರು, ಹಿರಿಯರ ಟಿಕೆಟುಗಳೂ ಅವರೊಂದಿಗೇ ಅಲ್ಲಿ ನಿಂತಿದ್ದವು. ಫೋನಿನವರು ಬಾರದೆ ಹಿರಿಯರು ಹೊರಗೆ ಹೋಗುವಂತಿಲ್ಲ, ಸಾಲು ಬಿಟ್ಟರೆ ಮಕ್ಕಳು ಸವಾರಿ ಕಳೆದುಕೊಳ್ಳುತ್ತಾರೆ. ‘ಏನೂ ಪರವಾಗಿಲ್ಲ, ಬಿಸ್ಕತ್ತು ಇದೆ’ ಎಂದು ಹಿರಿಯರೇ ಸಮಾಧಾನ ಹೇಳಿದರು. ಆ ಸಮಾಧಾನವನ್ನು ನಾವು ತಕ್ಷಣ ನಂಬಿಬಿಟ್ಟೆವು.

ಒಂದೂ ಮುಕ್ಕಾಲಿಗೆ ಸಂಯೋಜಕಿಯ ಮಾವ ಬೆಂಚಿನ ಮೇಲೆ ಇರಲಿಲ್ಲ. ಶೌಚಾಲಯಕ್ಕೆ ಹೋಗಿರಬೇಕೆಂದು ಅವರ ಹೆಂಡತಿ ಇಪ್ಪತ್ತು ನಿಮಿಷ ಕಾದಿದ್ದರು. ಮಾವನ ಫೋನಿನಲ್ಲಿ ಭಾರತದ ಸಿಮ್ ಇದ್ದು, ವೈಫೈ ಇಲ್ಲದೆ ಅದು ಬರೀ ಕ್ಯಾಮೆರಾ. ಜಪಾನಿ ಭಾಷೆ ಬಾರದು. ಮಕ್ಕಳು ತಪ್ಪಿಸಿಕೊಂಡರೆ ನೋಡಿಕೊಳ್ಳಲು ಅಲ್ಲಿ ಪ್ರತ್ಯೇಕ ಕೇಂದ್ರವಿದೆ, ಆದರೆ ಉದ್ಯಾನದ ವಾತಾವರಣ ಕೆಡಬಾರದೆಂದು ಧ್ವನಿವರ್ಧಕದಲ್ಲಿ ಹೆಸರು ಕೂಗುವ ಪದ್ಧತಿ ಇಲ್ಲ. ನಾವು ಎಂಟು ಜನ ಎಂಟು ದಿಕ್ಕಿಗೆ ಓಡಿದೆವು. ಯಾರು ಎಲ್ಲಿ ಹುಡುಕುತ್ತಿದ್ದಾರೆಂಬುದೇ ಗೊತ್ತಾಗದೆ ಹತ್ತು ನಿಮಿಷದಲ್ಲಿ ಹುಡುಕುವವರೇ ಚದುರಿಹೋದರು.

ಅವರನ್ನು ಕಂಡುಹಿಡಿದದ್ದು 13 ವರ್ಷದ ಮೊಮ್ಮಗಳು. ಅವಳು ಓಡಲಿಲ್ಲ. ಬೆಳಗಿನಿಂದ ತಾತ ಎರಡು ಸಲ, ‘ಆ ಹಡಗು ಎಲ್ಲಿಗೆ ಹೋಗುತ್ತೆ?’ ಎಂದು ಕೇಳಿದ್ದರು. ಮೊದಲ ಸಲ ಅವಳ ಅಪ್ಪ ‘ಆಮೇಲೆ ನೋಡೋಣ ಅಪ್ಪಾ’ ಎಂದಿದ್ದರು, ಎರಡನೆಯ ಸಲ ಯಾರೂ ಉತ್ತರಿಸಿರಲಿಲ್ಲ. ಬಂದರಿನಿಂದ ‘ಟ್ರಾನ್ಸಿಟ್ ಸ್ಟೀಮರ್ ಲೈನ್’ ಎಂಬ ದೋಣಿಗಳು ಉದ್ಯಾನದ ಇನ್ನೊಂದು ತುದಿಯಲ್ಲಿರುವ ಲಾಸ್ಟ್ ರಿವರ್ ಡೆಲ್ಟಾಗೆ ಹೋಗುತ್ತವೆ; ಅಲ್ಲಿ ಎಲ್ಲರೂ ಇಳಿಯಲೇಬೇಕು. ಅವಳು ತಾಯಿಗೆ ಹೇಳಿ ಮುಂದಿನ ದೋಣಿ ಹತ್ತಿದಳು. ಒಂದು ಸುತ್ತು ಹಾಕಿ ಹತ್ತಿದಲ್ಲೇ ತಂದು ಬಿಡುತ್ತದೆಂದು ನಂಬಿ ಹತ್ತಿದ್ದ ತಾತ, ಆ ತುದಿಯ ಇಳಿದಾಣದ ಪಕ್ಕದಲ್ಲಿ, ಮುರುಕು ದೇವಾಲಯದಂತೆ ಕಟ್ಟಿದ ಪಿರಮಿಡ್ಡನ್ನು ನೋಡುತ್ತ ಕುಳಿತಿದ್ದರು. ‘ಕಳೆದುಹೋಗಿರಲಿಲ್ಲ ಕಣಮ್ಮ, ಹಡಗಿನಲ್ಲಿ ಬಂದೆ’ ಎಂದರಂತೆ. ಕಾಣೆಯಾದ ಕ್ಷಣದಿಂದ ಸಿಕ್ಕುವವರೆಗೆ ಸುಮಾರು 50 ನಿಮಿಷ ಕಳೆದಿತ್ತು.

ಮೂರು ಗಂಟೆಯ ಬದಲಾವಣೆ

ಆ ಮೇಲೆ ನಡೆದ ಮಾತುಕತೆ ಸುಖಕರವಾಗಿರಲಿಲ್ಲ. ಮೂರನೆಯ ಮನೆಯ ಮಗ, ತಮ್ಮ ತಂದೆ ಬಿಸ್ಕತ್ತಿನಲ್ಲಿ ದಿನ ದೂಡುವಂತಾಯಿತೆಂದು ಎಲ್ಲರ ಮುಂದೆ ಹೇಳಿದರು. ಸಂಯೋಜಕಿಗೆ ಕಣ್ಣು ತುಂಬಿತು. ಆದರೂ ಅವರೇ ಫೋನು ತೆಗೆದು ಟಿಕೆಟುಗಳನ್ನು ನಾಲ್ಕು ಮನೆಗಳ ನಾಲ್ಕು ಫೋನುಗಳಿಗೆ ಹಂಚಿದರು. ಆ್ಯಪ್‌ನಲ್ಲಿ ಅದಕ್ಕೆ ತಗಲಿದ ಸಮಯ ಐದು ನಿಮಿಷವೂ ಇಲ್ಲ. ಬೆಳಗಿನಿಂದ ನಮ್ಮನ್ನು ಕಟ್ಟಿಹಾಕಿದ್ದ ಗಂಟು ಇಷ್ಟು ಸುಲಭವಾಗಿ ಬಿಚ್ಚಿಕೊಳ್ಳುವಂಥದ್ದಾಗಿತ್ತೆಂಬುದೇ ಕಸಿವಿಸಿಯ ವಿಷಯ.

ಗುಂಪನ್ನು ಮೂರು ತಂಡ ಮಾಡಿದೆವು. ದೊಡ್ಡ ಮಕ್ಕಳ ತಂಡ ವೇಗದ ಸವಾರಿಗಳಿಗೆ ಹೋಯಿತು. ಪುಟ್ಟವರ ತಂಡ ಬಹುಪಾಲು ಚಾವಣಿಯ ಕೆಳಗಿರುವ ಮರ್ಮೇಡ್ ಲಗೂನ್‌ಗೆ. ಹಿರಿಯರು ಇಬ್ಬರು ದೊಡ್ಡವರೊಂದಿಗೆ ಹೊರಗೆ ಹೋಗಿ, ನಾಲ್ಕು ಗಂಟೆಗೆ ಪುಳಿಯೋಗರೆ ತಿಂದು ಮರಳಿ ಬಂದರು. ಆರೂವರೆಗೆ ಎಲ್ಲರೂ ಪ್ರವೇಶದ್ವಾರದ ಬಳಿ ನೀರು ಇಳಿಯುವ ಭೂಗೋಳದಂತಿರುವ ಆ್ಯಕ್ವಾಸ್ಫಿಯರ್ ಕೆಳಗೆ ಸೇರಬೇಕು, ನಡುವೆ ಯಾರೂ ಯಾರಿಗೂ ಫೋನು ಮಾಡಬಾರದು ಎಂದು ನಿಶ್ಚಯಿಸಿದೆವು. ಹಿರಿಯರ ತಂಡ ಅರೇಬಿಯನ್ ಕೋಸ್ಟ್‌ನಲ್ಲಿ ಸಿಂದಬಾದನ ಕಥೆಯ ನಿಧಾನದ ದೋಣಿ ಸವಾರಿಯನ್ನು ಎರಡು ಸಲ ಮಾಡಿತು. ಅಲ್ಲಿ ಎತ್ತರದ ಕಟ್ಟುಪಾಡಿಲ್ಲ, ಕಾಯುವ ಹೊತ್ತೂ ಕಡಿಮೆ. ಆರೂವರೆಗೆ ಎಲ್ಲರೂ ಹೇಳಿದ ಜಾಗಕ್ಕೆ ಬಂದರು. ಹಿರಿಯರ ತಂಡವೇ ಹತ್ತು ನಿಮಿಷ ಮೊದಲು ಬಂದು ನಿಂತಿತ್ತು.

ಎರಡನೆಯ ಭೇಟಿ

ಹಿರಿಯರ ವೀಸಾ 90 ದಿನಗಳದ್ದು. ನವೆಂಬರ್ ಕೊನೆಯ ವಾರದ ಒಂದು ಬುಧವಾರ ಒಂಬತ್ತೇ ಜನ ಮತ್ತೆ ಹೋದೆವು: ಮೂವರು ಹಿರಿಯರು, ನಾಲ್ವರು ದೊಡ್ಡವರು, ಇಬ್ಬರು ಪುಟ್ಟ ಮಕ್ಕಳು. ಮೂರನೆಯ ಮನೆಯವರು ರಜೆ ಸಿಗಲಿಲ್ಲವೆಂದು ಬರಲಿಲ್ಲ. ಕಾರಣ ಬರೀ ರಜೆಯಲ್ಲವೆಂದು ನಮಗೆ ಗೊತ್ತಿತ್ತು, ಕೇಳುವ ಧೈರ್ಯವಾಗಲಿಲ್ಲ.

ಈ ಸಲ ಹಿರಿಯರ ಟಿಕೆಟುಗಳನ್ನು ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ನಮ್ಮ ಫೋನ್ ಸಂಖ್ಯೆಗಳನ್ನೂ ಸೇರಬೇಕಾದ ಜಾಗ-ಸಮಯವನ್ನೂ ಕನ್ನಡ ಹಾಗೂ ಜಪಾನಿಯಲ್ಲಿ ಬರೆದು ಅವರವರ ಜೇಬಿಗೇ ಕೊಟ್ಟೆವು. ಊಟವನ್ನು ಹನ್ನೆರಡು ಗಂಟೆಗೆ ಹೊರಗೆ ಮುಗಿಸಿದೆವು. ಎತ್ತರ ಸಾಲದ ಮಗುವಿನೊಂದಿಗೆ ಒಬ್ಬ ಪೋಷಕರು ಹೊರಗುಳಿದು, ಇನ್ನೊಬ್ಬರು ಬಂದ ಮೇಲೆ ಮತ್ತೆ ಸಾಲು ನಿಲ್ಲದೆ ಹೋಗಬಹುದಾದ ಸರದಿಯ ಸೌಲಭ್ಯವಿದೆಯೆಂದೂ, ಸವಾರಿಯ ಬಾಗಿಲಲ್ಲಿ ಸಿಬ್ಬಂದಿಯನ್ನು ಕೇಳಿದರೆ ಸಾಕೆಂದೂ ಆಗ ತಿಳಿಯಿತು. ಅಕ್ಟೋಬರಿನಲ್ಲೂ ಅದು ಇತ್ತು, ನಾವು ಕೇಳಿರಲಿಲ್ಲ.

ಇವೆಲ್ಲ ವ್ಯವಸ್ಥೆಯ ಮಾತಾಯಿತು. ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಬದಲಾವಣೆ ಹಿರಿಯರನ್ನು ಕೇಳುವ ರೀತಿಯಲ್ಲಿ ಆಯಿತು. ನಮ್ಮ ಮನೆಗಳ ಪಂಕ್ತಿಯಲ್ಲಿ ಬಡಿಸುವವರು ಮೊದಲ ‘ಸಾಕು’ವನ್ನು ನಂಬುವುದಿಲ್ಲ. ಎರಡನೆಯ ಸಲ ಕೇಳುತ್ತಾರೆ, ಮೂರನೆಯ ಸಲ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ಮುಂದೆ ಹೋಗುತ್ತಾರೆ. ‘ಬೇಡ’ ಎನ್ನುವುದು ಉಪಚಾರದ ಮಾತೋ ನಿಜವಾದ ಮಾತೋ ಎಂದು ತಿಳಿಯಲು ಇರುವ ಪದ್ಧತಿ ಅದು. ಅದೇ ಮನೆಯ ನಾವು ಡಿಸ್ನಿಸೀಯಲ್ಲಿ ಮೊದಲ ‘ನಮ್ಮದೇನಿಲ್ಲ’ವನ್ನೇ ಕೊನೆಯ ಮಾತೆಂದು ತೆಗೆದುಕೊಂಡೆವು, ಏಕೆಂದರೆ ಅದು ನಮಗೆ ಅನುಕೂಲವಾಗಿತ್ತು, ಬ್ಯಾಗು ಕಾಯಲು ಜನ ಬೇಕಾಗಿತ್ತು. ‘ಬರ್ತೀರಾ?’ ಎಂದು ಕೇಳಿದರೆ ಹಿರಿಯರು ಮಕ್ಕಳ ಖರ್ಚನ್ನೂ ಸಮಯವನ್ನೂ ಲೆಕ್ಕ ಹಾಕಿ ಇಲ್ಲವೆನ್ನುತ್ತಾರೆ. ನವೆಂಬರಿನಲ್ಲಿ ಸಂಯೋಜಕಿ ಹಾಗೆ ಕೇಳಲೇ ಇಲ್ಲ. ಹಿಂದಿನ ರಾತ್ರಿ ಟಿವಿಯಲ್ಲಿ ಆರು ಸವಾರಿಗಳ ವಿಡಿಯೊ ತೋರಿಸಿ, ‘ಇವುಗಳಲ್ಲಿ ನಿಮ್ಮ ಮೂರು ಯಾವುದು?’ ಎಂದರು. ಮೂರನ್ನು ಆರಿಸುವುದು ಕಡ್ಡಾಯವಾದ್ದರಿಂದ ಸಂಕೋಚಕ್ಕೆ ಎಡೆ ಇರಲಿಲ್ಲ.

ಉತ್ತರಗಳು ನಮ್ಮ ಊಹೆಗೆ ಸಿಕ್ಕುವಂಥವಾಗಿರಲಿಲ್ಲ. ಬೆಂಚಿನ ಮೇಲೆ ಅತಿ ಹೆಚ್ಚು ಹೊತ್ತು ಕುಳಿತಿದ್ದ ಎರಡನೆಯ ಮನೆಯ ತಾಯಿ ಆರಿಸಿದ್ದು ‘ಸೋರಿಂಗ್’. ಬೆನ್ನು ನೋವು, ಹೃದಯದ ತೊಂದರೆ ಇದ್ದವರು ಹೋಗಬಾರದೆಂಬ ಸೂಚನೆಯನ್ನು ಓದಿ ಹೇಳಿದೆವು; ಅವರಿಗೆ ಅಂಥದ್ದೇನೂ ಇರಲಿಲ್ಲ. ಹಣದ ಪಾಸು ತೆಗೆದು ಮಗಳೊಂದಿಗೆ ಹೋಗಿ ಬಂದರು. ಆ ಹಾರಾಟದಲ್ಲಿ ತಾಜ್‌ಮಹಲಿನ ಮೇಲೂ ಹಾದುಹೋಗುತ್ತೇವೆ. 62 ವರ್ಷಗಳಲ್ಲಿ ಆಗ್ರಾಕ್ಕೆ ಹೋಗಲು ಆಗದಿದ್ದವರು ಜಪಾನಿಗೆ ಬಂದು ತಾಜ್‌ಮಹಲ್ ನೋಡಿದೆನೆಂದು ಊರಿಗೆಲ್ಲ ಫೋನು ಮಾಡಿದರು. ತಾತ ತಮ್ಮ ಮೂರೂ ಆಯ್ಕೆಗಳನ್ನು ನೀರಿನ ಮೇಲೆಯೇ ಇಟ್ಟುಕೊಂಡಿದ್ದರು: ಸಿಂದಬಾದ, ವೆನಿಸ್ ಮಾದರಿಯ ಗೊಂಡೋಲ, ಮತ್ತು ಅದೇ ಹಡಗು.

ಫಲಿತಾಂಶದ ಬಗ್ಗೆ

ಎರಡನೆಯ ಭೇಟಿ ಚೆನ್ನಾಗಿ ನಡೆದದ್ದಕ್ಕೆ ಕ್ರಮ ಬದಲಾದದ್ದೇ ಕಾರಣವೆಂದು ಹೇಳಲಾಗದು. ಜನ ಒಂಬತ್ತೇ ಇದ್ದರು, ದಿನ ವಾರದ ನಡುವಿನದು, ಸಾಲುಗಳು ಚಿಕ್ಕವು. ಖರ್ಚೂ ಕಡಿಮೆಯಾಗಲಿಲ್ಲ, ಟಿಕೆಟಿನಲ್ಲಿ ಉಳಿದದ್ದು ಹಣದ ಪಾಸುಗಳಿಗೆ ಹೋಯಿತು. ಆದರೆ ಎರಡು ಸಂಗತಿಗಳನ್ನು ದಿನದ ದಟ್ಟಣೆಯ ಮೇಲೆ ಹಾಕುವಂತಿಲ್ಲ. ಒಂದು, ಅಕ್ಟೋಬರಿನ ಆ ಜನಸಂದಣಿಯಲ್ಲೇ, ಅದೇ 17 ಜನ, ಮೂರು ಗಂಟೆಯ ನಂತರ ನೆಮ್ಮದಿಯಿಂದಿದ್ದರು. ಬದಲಾಗಿದ್ದು ಟಿಕೆಟುಗಳು ಇದ್ದ ಫೋನುಗಳ ಸಂಖ್ಯೆ ಮತ್ತು ಒಟ್ಟಿಗಿರಬೇಕೆಂಬ ಹಟ ಮಾತ್ರ. ಎಲ್ಲರ ಟಿಕೆಟುಗಳನ್ನೂ ಒಬ್ಬರೇ ಇಟ್ಟುಕೊಳ್ಳುವುದು ಪಾಸು ತೆಗೆಯುವ ಆ ಎರಡು ನಿಮಿಷಗಳಿಗೆ ಅನುಕೂಲ, ಉಳಿದ ಹತ್ತು ಗಂಟೆಗಳಿಗೆ ಬಂಧನ. ಬಂಧನ ಇಟ್ಟುಕೊಂಡವರಿಗೂ ಹೌದು, ಅಂದು ಸಂಯೋಜಕಿ ಒಂದು ಸವಾರಿಯನ್ನೂ ಮನಸ್ಸಿಟ್ಟು ನೋಡಲಿಲ್ಲ. ಎರಡು, ತಾತನ ಹಡಗಿನ ಆಸೆ ಅಕ್ಟೋಬರಿನ ಬೆಳಿಗ್ಗೆಯೇ ಎರಡು ಸಲ ಬಾಯಿಬಿಟ್ಟು ಬಂದಿತ್ತು. ಅದು ಪ್ರಶ್ನೆಯ ರೂಪದಲ್ಲಿ ಬಂದದ್ದರಿಂದ ನಮಗೆ ಆಸೆಯೆಂದು ಕೇಳಿಸಲಿಲ್ಲ. ದೋಣಿಗೆ ಹಣವಿಲ್ಲ, ಪಾಸು ಬೇಡ. ಯಾರಾದರೊಬ್ಬರು ಜೊತೆಗೆ ಹತ್ತಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಬುಧವಾರ ಶಾಲೆಯಿದ್ದ ಕಾರಣ 13 ವರ್ಷದ ಹುಡುಗಿಯನ್ನು ನಾವು ಕರೆದೊಯ್ದಿರಲಿಲ್ಲ. ಸಂಜೆ ತಾತ ತಾವು ಹಡಗಿನಲ್ಲಿ ಹೋಗಿ ಬಂದದ್ದನ್ನು ಅವಳಿಗೆ ವಿವರವಾಗಿ ಹೇಳುತ್ತಿದ್ದಾಗ ಅವಳು ಪೂರ್ತಿ ಕೇಳಿಸಿಕೊಂಡು, ‘ಯಾವ ದಿನ ಹೋಗಬೇಕು ಅಂತ ನನ್ನನ್ನು ಯಾಕೆ ಯಾರೂ ಕೇಳಲಿಲ್ಲ?’ ಎಂದು ತಾಯಿಯ ಕಡೆ ತಿರುಗಿದಳು. ಸಂಯೋಜಕಿ ನನ್ನ ಮುಖ ನೋಡಿದರು. ನನ್ನ ಬಳಿಯೂ ಉತ್ತರವಿರಲಿಲ್ಲ.